ಮನೆಯ ಹಿರಿಯರು ಸೊರಗುತ್ತಿದ್ದಾರಾ? ಪೌಡರ್ ಡಬ್ಬಿ ತರುವ ಮೊದಲು ಮಾಡಬೇಕಾದ ಕೆಲಸಗಳು

"ಅಪ್ಪ ಊಟಾನೇ ಮಾಡ್ತಿಲ್ಲ ಮೇಡಂ, ಯಾವ ಪೌಡರ್ ತರಲಿ?" ಡಯೆಟಿಷಿಯನ್ ಆಗಿ ನಾನು ಕೇಳಿಸಿಕೊಳ್ಳುವ ಪ್ರಶ್ನೆಗಳಲ್ಲಿ ಇದರಷ್ಟು ಮತ್ತೆ ಮತ್ತೆ ಬರುವುದು ಇನ್ನೊಂದಿಲ್ಲ. ಕೇಳುವವರು ಅಷ್ಟರಲ್ಲಿ ಒಂದೆರಡು ಡಬ್ಬಿ ಖಾಲಿ ಮಾಡಿರುತ್ತಾರೆ. ಗಂಜಿ ಕಾಯಿಸಿ ಕೊಟ್ಟಿರುತ್ತಾರೆ, ಗದರಿಸಿಯೂ ನೋಡಿರುತ್ತಾರೆ. ತೂಕ ಮಾತ್ರ ಇಳಿಯುತ್ತಲೇ ಇರುತ್ತದೆ. ಮಾಡಿದ ಕೆಲಸಗಳು ಹಿಂದುಮುಂದಾಗಿರುತ್ತವೆ, ಅಷ್ಟೆ. ಯಾಕೆ ತಿನ್ನುತ್ತಿಲ್ಲ ಎಂದು ನೋಡುವ ಮೊದಲೇ ಏನು ತಿನ್ನಿಸಲಿ ಎಂದು ಹೊರಟುಬಿಡುತ್ತೇವೆ.

ನಾನೂ ಹಾಗೆ ಹೊರಟವಳೇ. ನಮ್ಮತ್ತೆಗೆ ಎಪ್ಪತ್ತಾರು. ಬಳೆ ಮೊಣಕೈವರೆಗೆ ಜಾರತೊಡಗಿದಾಗ ದುಬಾರಿ ಪ್ರೋಟೀನ್ ಪೌಡರ್ ಡಬ್ಬಿಯೊಂದನ್ನು ತಂದು ದಿನಕ್ಕೆರಡು ಲೋಟ ಕಲಸಿ ಕೊಟ್ಟೆ. ಆರು ವಾರ ಕಳೆದರೂ ತೂಕ ಏರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನ ದಾಸವಾಳದ ಕುಂಡಕ್ಕೆ ಇರುವೆ ಸಾಲುಗಟ್ಟಿದ್ದು ಕಂಡಾಗ ಲೋಟ ಎಲ್ಲಿ ಖಾಲಿಯಾಗುತ್ತಿತ್ತು ಎಂದು ತಿಳಿಯಿತು. ಅಸಲು ತೊಂದರೆ ಇದ್ದದ್ದು ಬಾಯಲ್ಲಿ. ಒಸಡು ಸವೆದು ಕೆಳದವಡೆಯ ಹಲ್ಲು ಸೆಟ್ಟು ಸಡಿಲವಾಗಿತ್ತು, ಅಗಿದರೆ ಚುಚ್ಚುತ್ತಿತ್ತು. ಸಾರನ್ನದಲ್ಲಿ ಸಾರು ಹೀರಿಕೊಂಡು ಅನ್ನವನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದರು. ಕೇಳಿದರೆ "ಸಾಕು ಕಣಮ್ಮ, ಹೊಟ್ಟೆ ತುಂಬ್ತು" ಅನ್ನುತ್ತಿದ್ದರು. ಸೊಸೆಗೆ ಯಾಕೆ ತೊಂದರೆ ಅಂತ.

ಆದ್ದರಿಂದ ಈ ಬರಹದಲ್ಲಿ ಡಬ್ಬಿ ಬರುವುದು ಕೊನೆಗೆ. ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ, ಹಾರಬೇಡಿ.

## ಮೊದಲೇ ಹೇಳಿಬಿಡುತ್ತೇನೆ: ಇವಿದ್ದರೆ ಓದುತ್ತಾ ಕೂರಬೇಡಿ

ಕೆಳಗಿನ ಯಾವುದೇ ಒಂದು ಕಂಡರೂ ಮನೆಮದ್ದು, ಗಂಜಿ, ಪೌಡರ್ ಎಲ್ಲ ಬದಿಗಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

- ನೀರು ಅಥವಾ ಅನ್ನ ನುಂಗುವಾಗ ಪ್ರತಿ ಸಲ ಕೆಮ್ಮು ಬರುವುದು, ಉಸಿರು ಕಟ್ಟುವುದು, ತಿಂದಮೇಲೆ ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಆಗುವುದು.
- ಇದ್ದಕ್ಕಿದ್ದಂತೆ ಗೊಂದಲ, ಮಂಪರು, ಗುರುತು ತಪ್ಪುವುದು. ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದಾಗಲೂ, ಸೋಂಕು ತಗುಲಿದಾಗಲೂ ವಯಸ್ಸಾದವರಲ್ಲಿ ಮೊದಲು ಕಾಣುವುದು ಇದೇ ಇರಬಹುದು. ಜ್ವರ ಇಲ್ಲದಿದ್ದರೂ ಸರಿ.
- ಕಪ್ಪು ಟಾರಿನಂಥ ಮಲ, ರಕ್ತ ವಾಂತಿ, ನಿಲ್ಲದ ವಾಂತಿ.
- ಐದು ದಿನಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ಏನನ್ನೂ ತಿಂದಿಲ್ಲ.

ಕೊನೆಯದರ ಬಗ್ಗೆ ಒಂದು ಮಾತು ಜಾಸ್ತಿ ಹೇಳಲೇಬೇಕು. ದಿನಗಟ್ಟಲೆ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. "ಪಾಪ, ಐದಾರು ದಿನ ತಿಂದಿಲ್ಲ, ಈಗ ಚೆನ್ನಾಗಿ ತಿನ್ನಲಿ" ಎಂದು ಪಾಯಸ ಮಾಡಿ ಬಡಿಸುವ ಸಮಯ ಅದಲ್ಲ. ಅಂಥವರಿಗೆ ಊಟ ಶುರುವಾಗಬೇಕಾದ್ದು ಡಾಕ್ಟರ ಕಣ್ಣೆದುರು, ರಕ್ತಪರೀಕ್ಷೆ ನೋಡಿಕೊಂಡು, ಸ್ವಲ್ಪಸ್ವಲ್ಪವೇ.

## ಹೊಂದಿಸಿಟ್ಟುಕೊಳ್ಳಬೇಕಾದ ಸಾಮಾನು

ತೂಕದ ಮಷಿನ್, ದರ್ಜಿ ಟೇಪು, ಒಂದು ಟಾರ್ಚು (ಮೊಬೈಲಿನದೇ ಸಾಕು), ಒಂದು ನೋಟ್‌ಬುಕ್ಕು. ಜೊತೆಗೆ ಒಂದೇ ಅಳತೆಯ ಬಟ್ಟಲು, ಒಂದೇ ಚಮಚ. ಇಂದು ದೊಡ್ಡ ಬಟ್ಟಲು ನಾಳೆ ಚಿಕ್ಕದು ಆದರೆ ಲೆಕ್ಕ ಕೆಡುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆ ಚೀಟಿಗಳನ್ನೂ ಒಂದು ಕವರಿಗೆ ಹಾಕಿಡಿ. ಆಯುರ್ವೇದದ ಚೂರ್ಣ, ಪಕ್ಕದ ಮನೆಯವರು ಕೊಟ್ಟ ಮಾತ್ರೆ, ಮೆಡಿಕಲ್ ಸ್ಟೋರಿನಿಂದ ನೇರ ತಂದ ನೋವಿನ ಗುಳಿಗೆ, ಎಲ್ಲ ಸೇರಿಸಿ.

## ಹಂತ 1: ಅಳೆಯಿರಿ, ಅಂದಾಜು ಮಾಡಬೇಡಿ

ದಿನಾ ಕಣ್ಣೆದುರೇ ಇರುವವರು ಸೊರಗುವುದು ಕಾಣುವುದಿಲ್ಲ. ಹಬ್ಬಕ್ಕೆ ಬಂದ ಮಗಳು ಬಾಗಿಲಲ್ಲೇ ನಿಂತು "ಏನಮ್ಮ ಹಿಂಗಾಗ್ಬಿಟ್ಟಿದೀಯ" ಅಂದಾಗಲೇ ಗೊತ್ತಾಗುವುದು.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಹೆಚ್ಚುಕಡಿಮೆ ಒಂದೇ ಥರದ ಬಟ್ಟೆಯಲ್ಲಿ ತೂಗಿ. ಮಷಿನ್ ಗಟ್ಟಿ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ, ಆದರೆ ಅಂಕಿ ಓದುವ ಗಳಿಗೆಯಲ್ಲಿ ಹಿರಿಯರ ಕೈ ಯಾರ ಹೆಗಲ ಮೇಲೂ ಇರಬಾರದು.

ಹಳೆಯ ತೂಕ ನೆನಪಿಲ್ಲವೇ? ಹಿಂದಿನ ಡಿಸ್ಚಾರ್ಜ್ ಚೀಟಿ, ಬಿಪಿ ತೋರಿಸಿದ ಪುಸ್ತಕ ಹುಡುಕಿ. ಅದೂ ಇಲ್ಲದಿದ್ದರೆ ಮೈಮೇಲಿನ ಸಾಕ್ಷಿ ನೋಡಿ: ಬೆರಳಿನಲ್ಲಿ ತಿರುಗುವ ಉಂಗುರ, ಬೆಲ್ಟಿಗೆ ಹೊಸದಾಗಿ ಕೊರೆದ ತೂತು, ತೋಳು ಸಡಿಲವಾದ ರವಿಕೆ.

ಲೆಕ್ಕ ಸರಳ. ನಮ್ಮತ್ತೆ ದಸರಾ ಹೊತ್ತಿಗೆ 52 ಕೆಜಿ ಇದ್ದರು, ಸಂಕ್ರಾಂತಿಗೆ 48.5. ಇಳಿದದ್ದು 3.5 ಕೆಜಿ. ಅದನ್ನು 52ರಿಂದ ಭಾಗಿಸಿ 100ರಿಂದ ಗುಣಿಸಿದರೆ 6.7 ಶೇಕಡಾ. ಬೇಕೆಂದು ಇಳಿಸದೆ ಆರು ತಿಂಗಳಲ್ಲಿ ಶೇ. 5ರಷ್ಟು ತೂಕ ಹೋದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಶೇ. 10 ದಾಟಿದರೆ ಅದೇ ವಾರ ಡಾಕ್ಟರನ್ನು ಕಾಣಬೇಕು.

ನಿಲ್ಲಲಾಗದವರಿಗೆ ಮೀನಖಂಡ ಅಳೆಯಿರಿ. ಕುಳ್ಳಿರಿಸಿ, ಮೊಣಕಾಲು ಲಂಬಕೋನದಲ್ಲಿ (90 ಡಿಗ್ರಿ) ಮಡಚಿರಲಿ, ಪಾದ ನೆಲದ ಮೇಲಿರಲಿ. ಮೀನಖಂಡದ ಅತಿ ದಪ್ಪ ಜಾಗಕ್ಕೆ ಟೇಪು ಸುತ್ತಿ, ಬಿಗಿಯಬೇಡಿ. 31 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಾಂಸಖಂಡ ಕರಗಿದೆ ಎಂದು ತಿಳಿಯಿರಿ. ಕಾಲು ಊದಿದ್ದರೆ ಈ ಅಳತೆ ನಂಬುವಂತಿಲ್ಲ. ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಊತ ತೂಕವನ್ನೂ ಮರೆಮಾಚುತ್ತದೆ.

ಇನ್ನು ಆರು ಪ್ರಶ್ನೆ. ವಯಸ್ಸಾದವರ ಅಪೌಷ್ಟಿಕತೆ ಪತ್ತೆಹಚ್ಚಲು ಜಗತ್ತಿನ ಹಲವೆಡೆ ಬಳಸುವ ಎಂಎನ್‌ಎ (ಮಿನಿ ನ್ಯೂಟ್ರಿಷನಲ್ ಅಸೆಸ್ಮೆಂಟ್) ಕಿರು ನಮೂನೆ ಇದು. ಒಟ್ಟು 14 ಅಂಕ.

1. ಮೂರು ತಿಂಗಳಿಂದ ಊಟ ತೀರಾ ಕಡಿಮೆಯಾಗಿದ್ದರೆ 0, ಸ್ವಲ್ಪ ಕಡಿಮೆಯಾಗಿದ್ದರೆ 1, ಮೊದಲಿನಂತೇ ಇದ್ದರೆ 2.
2. ಮೂರು ತಿಂಗಳಲ್ಲಿ 3 ಕೆಜಿಗಿಂತ ಹೆಚ್ಚು ಇಳಿದಿದ್ದರೆ 0, ಗೊತ್ತಿಲ್ಲದಿದ್ದರೆ 1, 1ರಿಂದ 3 ಕೆಜಿ ಇಳಿದಿದ್ದರೆ 2, ಇಳಿದಿಲ್ಲದಿದ್ದರೆ 3.
3. ಹಾಸಿಗೆ ಅಥವಾ ಕುರ್ಚಿಗೇ ಸೀಮಿತವಾಗಿದ್ದರೆ 0, ಮನೆಯೊಳಗೆ ಓಡಾಡುತ್ತಾರೆ ಹೊರಗೆ ಹೋಗುವುದಿಲ್ಲ ಎಂದಾದರೆ 1, ಹೊರಗೂ ಹೋಗುತ್ತಾರೆ ಎಂದಾದರೆ 2.
4. ಮೂರು ತಿಂಗಳಲ್ಲಿ ಮನಸ್ಸಿಗೆ ದೊಡ್ಡ ಆಘಾತವೋ ಜೋರು ಕಾಯಿಲೆಯೋ ಆಗಿದ್ದರೆ 0, ಇಲ್ಲದಿದ್ದರೆ 2.
5. ತೀವ್ರ ಮರೆವಿನ ಕಾಯಿಲೆ ಅಥವಾ ಖಿನ್ನತೆ ಇದ್ದರೆ 0, ಮರೆವಿನ ಕಾಯಿಲೆ ಸೌಮ್ಯವಾಗಿದ್ದರೆ 1, ಎರಡೂ ಇಲ್ಲದಿದ್ದರೆ 2.
6. ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 19ಕ್ಕಿಂತ ಕಡಿಮೆಯಾದರೆ 0, 19ರಿಂದ 21ರೊಳಗೆ 1, 21ರಿಂದ 23ರೊಳಗೆ 2, 23 ಮತ್ತು ಮೇಲೆ 3. ಬಿಎಂಐ ತೆಗೆಯಲಾಗದಿದ್ದರೆ ಮಾತ್ರ ಮೀನಖಂಡದ ಅಳತೆ: 31 ಸೆಂ.ಮೀ.ಗಿಂತ ಕಡಿಮೆ 0, ಇಲ್ಲದಿದ್ದರೆ 3.

12 ಮತ್ತು ಮೇಲೆ ಬಂದರೆ ಸದ್ಯಕ್ಕೆ ಚಿಂತೆ ಇಲ್ಲ. 8ರಿಂದ 11 ಅಪಾಯದ ಅಂಚು. 7 ಮತ್ತು ಕೆಳಗೆ ಅಪೌಷ್ಟಿಕತೆ. ಬೆನ್ನು ಬಾಗಿ ಎತ್ತರ ಸರಿಯಾಗಿ ಸಿಗದೆ ಅತ್ತೆಗೆ ಮೀನಖಂಡವನ್ನೇ ಅಳೆದೆ, 30 ಬಂತು. 1, 0, 2, 2, 2, 0, ಒಟ್ಟು ಏಳು. ಆ ಅಂಕ ನೋಡುವವರೆಗೂ ನಾನೂ "ವಯಸ್ಸಾಯ್ತಲ್ಲ" ಎಂದೇ ಅಂದುಕೊಂಡಿದ್ದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು: ದಪ್ಪಗಿರುವವರನ್ನು ಲೆಕ್ಕದಿಂದ ಬಿಟ್ಟುಬಿಡುವುದು. ಹೊಟ್ಟೆ ಮುಂದೆ ಬಂದು ಕೈಕಾಲು ಕಡ್ಡಿಯಾಗಿರುವ ಎಷ್ಟೋ ಅಜ್ಜಂದಿರಿದ್ದಾರೆ. ಅವರನ್ನು ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಮಾಂಸಖಂಡದ ಶಕ್ತಿ ಕುಂದಿರುವ ಸೂಚನೆ, ತೂಕ 80 ಕೆಜಿ ಇದ್ದರೂ ಅಷ್ಟೆ.

## ಹಂತ 2: ಮೂರು ದಿನ ತಟ್ಟೆಯಲ್ಲಿ ಉಳಿದದ್ದನ್ನು ಬರೆಯಿರಿ

ಬಡಿಸಿದ್ದನ್ನು ಬರೆದರೆ ಪ್ರಯೋಜನವಿಲ್ಲ. ತಟ್ಟೆ ಎತ್ತುವಾಗ ಏನು ಉಳಿದಿತ್ತು ಎಂದು ನೋಡಿ, ಅದನ್ನು ಕಳೆದು ಬರೆಯಿರಿ. ಮೂರರಲ್ಲಿ ಒಂದು ದಿನ ಶನಿವಾರವೋ ಏಕಾದಶಿಯೋ ಇರಲಿ, ಒಪ್ಪತ್ತಿನ ದಿನದ ಕಥೆಯೂ ಗೊತ್ತಾಗುತ್ತದೆ.

ನಾನು ಬರೆದ ಒಂದು ದಿನ ಹೀಗಿತ್ತು. ಬೆಳಿಗ್ಗೆ ಆರೂವರೆಗೆ ಕಾಫಿ. ಒಂಬತ್ತಕ್ಕೆ ಒಂದು ಇಡ್ಲಿ, ಕಾಯಿಚಟ್ನಿ. ಮಧ್ಯಾಹ್ನ ಒಂದೂವರೆಗೆ ಒಂದು ಬಟ್ಟಲು ಅನ್ನ, ತಿಳಿಸಾರು, ಮಜ್ಜಿಗೆ. ಪಲ್ಯ ಹಾಗೇ ಉಳಿದಿತ್ತು. ಐದಕ್ಕೆ ಕಾಫಿ, ಎರಡು ಮಾರಿ ಬಿಸ್ಕತ್ತು. ರಾತ್ರಿ ನಾಲ್ಕು ತುತ್ತು ಮಜ್ಜಿಗೆ ಅನ್ನ. ಹೊರನೋಟಕ್ಕೆ ಐದು ಹೊತ್ತು ತಿಂದಂತಾಯಿತು. ಪ್ರೋಟೀನ್ ಲೆಕ್ಕ ಹಾಕಿದರೆ ಹೆಚ್ಚೆಂದರೆ 20 ಗ್ರಾಂ.

ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಲೆಕ್ಕದಲ್ಲಿ ವಯಸ್ಕರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಎನ್ನುವುದು ವೃದ್ಧರ ಪೋಷಣೆ ನೋಡುವ ತಜ್ಞರ ಸಲಹೆ, ಯಾಕೆಂದರೆ ವಯಸ್ಸಾದ ದೇಹ ಅಷ್ಟೇ ಪ್ರೋಟೀನಿನಿಂದ ಮೊದಲಿನಷ್ಟು ಮಾಂಸಖಂಡ ಕಟ್ಟುವುದಿಲ್ಲ. 48 ಕೆಜಿಯ ಅತ್ತೆಗೆ ಕನಿಷ್ಠ 48 ಗ್ರಾಂ ಬೇಕಿತ್ತು, ಅರ್ಧವೂ ಸಿಗುತ್ತಿರಲಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆ. ಅವರ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ನಿಮ್ಮ ಅಂದಾಜಿಗೆ: ಒಂದು ಮೊಟ್ಟೆ 6 ಗ್ರಾಂ, ಒಂದು ಲೋಟ (200 ಮಿಲಿ) ಹಾಲು 6 ಗ್ರಾಂ, 30 ಗ್ರಾಂ ಬೇಳೆ ಅಥವಾ ಹುರಿಗಡಲೆ ಅಥವಾ ಕಡಲೆಕಾಯಿ ಬೀಜ 6ರಿಂದ 7 ಗ್ರಾಂ, ಒಂದು ಸಣ್ಣ ಬಟ್ಟಲು ಮೊಸರು 3 ಗ್ರಾಂ. ತಿಳಿಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ, ಅಜ್ಜಿಗೆ ಬೀಳುವುದು ಮೇಲಿನ ತಿಳಿ.

## ಹಂತ 3: ಕಾರಣ ಹುಡುಕಿ

ಇಲ್ಲಿ ಒಂದು ವಾರ ಹೋದರೂ ಚಿಂತೆ ಇಲ್ಲ. ಮುಂದಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಬಾಯಿ. ಹಲ್ಲು ಸೆಟ್ಟು ತೆಗೆಸಿ, ಟಾರ್ಚು ಹಾಕಿ ಒಸಡು, ನಾಲಿಗೆ, ಕೆನ್ನೆಯ ಒಳಭಾಗ ನೋಡಿ. ಕೆಂಪು ಗಾಯ, ಹುಣ್ಣು, ಒರೆಸಿದರೆ ಹೋಗದ ಅಥವಾ ಒರೆಸಿದಾಗ ಕೆಂಪಾಗುವ ಬಿಳಿ ಪದರ, ಒಣಗಿದ ನಾಲಿಗೆ ಕಂಡರೆ ಬರೆದುಕೊಳ್ಳಿ. ಒರೆಸಿದಾಗ ಕೆಂಪಾಗುವ ಪದರ ಫಂಗಸ್ ಇರಬಹುದು, ಔಷಧಿಯಿಂದ ಗುಣವಾಗುತ್ತದೆ. ಒರೆಸಿದರೂ ಹೋಗದ್ದನ್ನು ಡಾಕ್ಟರಿಗೆ ತೋರಿಸಿ. ತೂಕ ಇಳಿದಾಗ ಸೆಟ್ಟು ಇನ್ನಷ್ಟು ಸಡಿಲವಾಗುತ್ತದೆ, ಸಡಿಲವಾದಷ್ಟೂ ಊಟ ಇಳಿಯುತ್ತದೆ. ದಂತವೈದ್ಯರು ಹಳೆಯ ಸೆಟ್ಟಿಗೇ ಒಳಪದರ ಕೂರಿಸಿ ಬಿಗಿ ಮಾಡಿಕೊಡಬಲ್ಲರು. ಹೊಸ ಸೆಟ್ಟೇ ಬೇಕೆಂದಿಲ್ಲ.

ಮಾತ್ರೆ. ಕವರಿನಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೆಲವರಿಗೆ ಹಸಿವು ಕುಂದಿಸುತ್ತದೆ, ಹೊಟ್ಟೆ ಕೆಡಿಸುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಿಸುತ್ತದೆ. ಅದೇ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ತೂಕ ಇಳಿಸುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಪ್ರಮಾಣ ಹೆಚ್ಚಾದರೆ ಹಸಿವು ಸತ್ತು ವಾಕರಿಕೆ ಬರುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ನುಂಗಿದಷ್ಟು ದಿನ ಬಾಯೆಲ್ಲ ಕಬ್ಬಿಣದ ರುಚಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಮಲ ಗಟ್ಟಿ ಮಾಡುತ್ತವೆ. ಗ್ಯಾಸ್ಟ್ರಿಕ್ಕಿಗೆಂದು ಒಮ್ಮೆ ಬರೆದುಕೊಟ್ಟ ಪಾಂಟೊಪ್ರಜೋಲ್ ಐದು ವರ್ಷದಿಂದ ನಡೆಯುತ್ತಲೇ ಇರುವ ಮನೆಗಳು ನನಗೆ ಗೊತ್ತು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಟ್ಟಿ ಮಾಡಿಕೊಂಡು ಹೋಗಿ ಡಾಕ್ಟರನ್ನು ಕೇಳಿ. ಇನ್ನೊಂದನ್ನೂ ಗಮನಿಸಿ: ಊಟಕ್ಕೆ ಮೊದಲು ಏಳೆಂಟು ಮಾತ್ರೆ, ಅದರ ಮೇಲೆ ಎರಡು ಲೋಟ ನೀರು. ಹೊಟ್ಟೆ ಅಲ್ಲೇ ತುಂಬಿತು.

ಹೊಟ್ಟೆ ಕಟ್ಟುವುದು. ಮೂರು ದಿನ ಮಲ ಹೋಗದವರಿಗೆ ಊಟ ಸೇರುವುದಿಲ್ಲ. ಇದನ್ನು ಅವರಾಗಿ ಹೇಳುವುದಿಲ್ಲ, ಕೇಳಬೇಕು. ರಾತ್ರಿ ಬಚ್ಚಲಿಗೆ ಎದ್ದು ಹೋಗಲು ಭಯವಾಗಿ ಸಂಜೆಯಿಂದಲೇ ನೀರು ಬಿಡುವವರೂ ಬಹಳ. ಮಂಚದಿಂದ ಬಚ್ಚಲಿನವರೆಗೆ ಒಂದು ರಾತ್ರಿದೀಪ, ಗೋಡೆಗೆ ಒಂದು ಹಿಡಿಕೆ ಹಾಕಿಸಿ. ನೀರು ತಾನಾಗಿ ಒಳಗೆ ಹೋಗುತ್ತದೆ.

ಹಳೆಯ ಪಥ್ಯ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಹದಿನೈದು ವರ್ಷದ ಹಿಂದೆ, 78 ಕೆಜಿ ಇದ್ದಾಗ ಹೇಳಿದ "ಎಣ್ಣೆ ಬೇಡ, ತುಪ್ಪ ಬೇಡ, ಉಪ್ಪು ಬೇಡ, ಬಾಳೆಹಣ್ಣು ಬೇಡ, ಕಾಯಿ ಬೇಡ" ಎಂಬ ಪಟ್ಟಿಯನ್ನು 46 ಕೆಜಿಗೆ ಇಳಿದವರಿಗೂ ಕಟ್ಟುನಿಟ್ಟಾಗಿ ಪಾಲಿಸುತ್ತಿರುತ್ತಾರೆ. ಉಪ್ಪಿಲ್ಲದ ಚಪ್ಪೆ ಊಟ ಯಾರಿಗೆ ಸೇರೀತು? ವಯಸ್ಸಿನ ಜೊತೆ ವಾಸನೆ, ರುಚಿ ಬೇರೆ ಮಂಕಾಗಿರುತ್ತವೆ. ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಾ ಉಪ್ಪನ್ನೂ ಪೂರ್ತಿ ಬಿಟ್ಟರೆ ಸೋಡಿಯಂ ಇಳಿದು ಆಸ್ಪತ್ರೆ ಸೇರುವುದೂ ಇದೆ. ಪಥ್ಯದಲ್ಲಿ ಏನನ್ನು ಸಡಿಲಿಸಬಹುದು ಎಂದು ಡಾಕ್ಟರನ್ನು ನೇರವಾಗಿ ಕೇಳಿ.

ಮನಸ್ಸು. ಸಂಗಾತಿ ತೀರಿಕೊಂಡ ಮೇಲಿನ ವರ್ಷ ಬಹಳ ಸೂಕ್ಷ್ಮ. ಐವತ್ತು ವರ್ಷ ಇನ್ನೊಬ್ಬರಿಗಾಗಿ ಅಡುಗೆ ಮಾಡಿದ ಹೆಂಗಸು ತನ್ನೊಬ್ಬಳಿಗೆಂದು ಒಲೆ ಹಚ್ಚುವುದಿಲ್ಲ. ಹೆಂಡತಿ ಹೋದ ಗಂಡಸಿಗೆ ಒಲೆ ಹಚ್ಚಲೇ ಬರುವುದಿಲ್ಲ. ಟಿವಿ, ಪೇಪರು, ದೇವಸ್ಥಾನ ಎಲ್ಲದರಲ್ಲೂ ಆಸಕ್ತಿ ಹೋಗಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಸುಮ್ಮನೆ ಕೂರುತ್ತಿದ್ದರೆ ಅದು ಖಿನ್ನತೆ ಇರಬಹುದು. ಚಿಕಿತ್ಸೆ ಸಿಕ್ಕರೆ ಹಸಿವೂ ಹಿಂತಿರುಗುತ್ತದೆ.

ಮರೆವು. "ಆಗಲೇ ಊಟ ಆಯ್ತಲ್ಲ" ಎಂದು ಖಚಿತವಾಗಿ ಹೇಳಿದರೆ ತಿಂದಿದ್ದಾರೆ ಎಂದರ್ಥವಲ್ಲ. ಫ್ರಿಜ್ಜಿನಲ್ಲಿ ಹಳಸಿದ ಡಬ್ಬಿಗಳು, ಸೀದ ಪಾತ್ರೆಗಳು ಕಂಡರೆ ಎಚ್ಚರವಾಗಿ.

ಮನೆಯ ರೀತಿ. ಕೊನೆಗೆ ಊಟಕ್ಕೆ ಕೂರುವವರು ಯಾರು? ಸಾಂಬಾರಿನ ತಳದಲ್ಲಿ ಉಳಿದದ್ದು ಯಾರ ಪಾಲಿಗೆ? ಬಹಳ ಮನೆಗಳಲ್ಲಿ ಅದು ಹಿರಿಯ ಹೆಂಗಸೇ. ಮೊಟ್ಟೆ, ಹಾಲು ಮಕ್ಕಳಿಗೆಂದು ತಾವಾಗಿ ಬಿಡುತ್ತಾರೆ. ಪೆನ್ಷನ್ ದುಡ್ಡು ಮಾತ್ರೆಗೇ ಸರಿಹೋಗುವ ಮನೆಯಲ್ಲಿ ಹಾಲು ಅರ್ಧ ಲೀಟರಿನಿಂದ ಕಾಲು ಲೀಟರಿಗೆ ಇಳಿದಿರುತ್ತದೆ. ಕೈ ನಡುಗುವವರು ಸಾರನ್ನ ಚೆಲ್ಲೀತೆಂಬ ನಾಚಿಕೆಗೆ ಎಲ್ಲರೆದುರು ತಿನ್ನುವುದಿಲ್ಲ.

## ಹಂತ 4: ಡಾಕ್ಟರ ಎದುರು ಏನು ಹೇಳಬೇಕು

"ಊಟ ಸೇರಲ್ಲ ಸಾರ್" ಎಂದರೆ ಟಾನಿಕ್ ಬರೆದುಕೊಟ್ಟು ಕಳಿಸುವುದೇ ಹೆಚ್ಚು. "ಮೂರು ತಿಂಗಳಲ್ಲಿ 52ರಿಂದ 48.5ಕ್ಕೆ ಇಳಿದಿದ್ದಾರೆ, ಎಂಎನ್‌ಎ 7 ಬಂದಿದೆ, ಮಾತ್ರೆಗಳು ಇಷ್ಟು" ಎಂದು ನೋಟ್‌ಬುಕ್ಕು ತೆರೆದಿಡಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಕಾರಣವಿಲ್ಲದೆ ತೂಕ ಇಳಿಯುವುದರ ಹಿಂದೆ ಹತೋಟಿ ತಪ್ಪಿದ ಸಕ್ಕರೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಕಿಡ್ನಿ ಅಥವಾ ಹೃದಯದ ತೊಂದರೆ ಇರಬಹುದು. ಸಾಮಾನ್ಯವಾಗಿ ರಕ್ತಕಣಗಳ ಎಣಿಕೆ, ಸಕ್ಕರೆ, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಸೋಡಿಯಂ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ, ಬಿ12, ವಿಟಮಿನ್ ಡಿ, ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್) ಒಂದನ್ನೇ ನೋಡಿ ಪೋಷಣೆ ಅಳೆಯಬೇಡಿ. ಸೋಂಕು, ಉರಿಯೂತ ಇದ್ದಾಗಲೂ ಅದು ಇಳಿಯುತ್ತದೆ, ಕೆಲವೊಮ್ಮೆ ಸೊರಗಿದವರಲ್ಲೂ ಸರಿಯಾಗಿಯೇ ಇರುತ್ತದೆ.

ನುಂಗುವ ತೊಂದರೆಯ ಅನುಮಾನವಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿ ಎಂದು ಕೇಳಿ. ಮಾತು ಕಲಿಸುವವರಲ್ಲಿ ಏನು ಕೆಲಸ ಎನ್ನಿಸಬಹುದು, ನುಂಗುವಿಕೆ ಪರೀಕ್ಷಿಸುವವರೂ ಅವರೇ. ವೃದ್ಧರಿಗೆಂದೇ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಕಾರ್ಯಕ್ರಮದಡಿ ಹೊರರೋಗಿ ವಿಭಾಗ ತೆರೆಯಲಾಗಿದೆ, ನಿಮ್ಮ ಜಿಲ್ಲೆಯಲ್ಲಿ ಯಾವ ದಿನ ನಡೆಯುತ್ತದೆ ಎಂದು ವಿಚಾರಿಸಿ.

## ಹಂತ 5: ತಟ್ಟೆ ಅಷ್ಟೇ ಇರಲಿ, ಒಳಗಿನದು ಬದಲಾಗಲಿ

ಅಡುಗೆಮನೆಗೆ ಹೋಗುವುದು ಈಗ. ಒಂದೇ ನಿಯಮ: ಹೆಚ್ಚು ತಿನ್ನಿಸಲು ಹೋಗಬೇಡಿ. ಅವರು ತಿನ್ನುವಷ್ಟರಲ್ಲೇ ಸತ್ವ ತುಂಬಿ.

ಗಂಜಿಯಿಂದ ಶುರುಮಾಡೋಣ, ಯಾಕೆಂದರೆ ಎಡವಟ್ಟೂ ಅಲ್ಲಿಂದಲೇ ಶುರುವಾಗುವುದು. 20 ಗ್ರಾಂ ಅಕ್ಕಿಯ ತೆಳು ಗಂಜಿಯಲ್ಲಿ 70 ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನ್, ಉಳಿದದ್ದು ಬಿಸಿನೀರು. ಹೊಟ್ಟೆ ತುಂಬಿತು, ಮೈಗೆ ಏನೂ ಹತ್ತಲಿಲ್ಲ. ಅದೇ ಬಟ್ಟಲಿಗೆ ಹೀಗೆ ಮಾಡಿ: ರಾಗಿ ಹಿಟ್ಟು 20 ಗ್ರಾಂ, ಹಾಲು 150 ಮಿಲಿ, ಹುರಿಗಡಲೆ ಪುಡಿ 15 ಗ್ರಾಂ, ತುಪ್ಪ ಒಂದು ಚಿಕ್ಕ ಚಮಚ, ಬೆಲ್ಲ 10 ಗ್ರಾಂ. ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ. ಹಾಲು ಆಮೇಲೆ. ಹುರಿಗಡಲೆ ಪುಡಿ ಇಳಿಸಿದ ಮೇಲೆ. ಕುದಿಯುವಾಗ ಹಾಕಿದರೆ ಅಂಟಾಗಿ ಲೋಟಕ್ಕೆ ಮೆತ್ತಿಕೊಳ್ಳುತ್ತದೆ. ಸುಮಾರು 290 ಕ್ಯಾಲೊರಿ, 9 ಗ್ರಾಂ ಪ್ರೋಟೀನ್ ಆಯಿತು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು ಉಪ್ಪು, ಜೀರಿಗೆ ಹಾಕಿ. ಮಜ್ಜಿಗೆ ಇಷ್ಟಪಡುವವರಿಗೆ ಹಾಲಿನ ಬದಲು ತಣ್ಣಗಾದ ಮೇಲೆ ಗಟ್ಟಿ ಮೊಸರು ಕಲಸಿ.

ಇದೇ ಬುದ್ಧಿ ಉಳಿದದ್ದಕ್ಕೂ. ತಿಳಿಸಾರಿನ ಜಾಗಕ್ಕೆ ತೊವ್ವೆ. ಮಜ್ಜಿಗೆಯ ಜಾಗಕ್ಕೆ ಗಟ್ಟಿ ಮೊಸರು, ಅದಕ್ಕೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕಲಸಿದರೆ ಇನ್ನೂ 4-5 ಗ್ರಾಂ ಪ್ರೋಟೀನ್. ಮಾರಿ ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ ಉಂಡೆ, ಹಲ್ಲಿಲ್ಲದವರಿಗೆ ಪುಡಿ ಮಾಡಿ ಹಾಲಲ್ಲಿ ಕಲಸಿದ್ದು. ಕಾಯಿಚಟ್ನಿಗೆ ಒಂದು ಹಿಡಿ ಹುರಿಗಡಲೆ ಹೆಚ್ಚು. ಮೊಟ್ಟೆ ತಿನ್ನುವವರಿಗೆ ಮೆತ್ತಗಿನ ಬುರ್ಜಿ. ಉಪ್ಸಾರು ಮನೆಯಲ್ಲಿ ಕಟ್ಟು ಬಸಿದು ಉಳಿದ ಕಾಳನ್ನು ಪಲ್ಯ ಮಾಡಿ ಕಿರಿಯರು ತಿಂದುಬಿಡುತ್ತಾರೆ. ಒಂದು ಸೌಟು ಕಾಳು ನುಣ್ಣಗೆ ಅರೆದು ಹಿರಿಯರ ಸಾರಿಗೆ ಹಿಂತಿರುಗಿಸಿ. ಮುದ್ದೆ ಅಗಿಯಬೇಕಿಲ್ಲ, ಹಲ್ಲಿಲ್ಲದವರಿಗೆ ವರ. ನುಂಗುವ ತೊಂದರೆ ಇದ್ದವರಿಗೆ ಮಾತ್ರ ಕೇಳದೆ ಕೊಡಬೇಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯನ್ನು ಗಟ್ಟಿ ಬ್ಯಾಳಿಯಲ್ಲಿ ನೆನೆಸಿ ಮುರಿದು ಕೊಡಿ, ಮೇಲೊಂದು ಚಮಚ ಶೇಂಗಾ ಹಿಂಡಿ, ಮೊಸರು. ಕರಾವಳಿಯವರು ಮುಳ್ಳು ತೆಗೆದ ಮೀನು ಕೊಟ್ಟರೆ ಮುಗಿಯಿತು.

ಒಂದೇ ದಿನ ಎಲ್ಲ ಬದಲಿಸಬೇಡಿ. ಮೂರು ದಿನಕ್ಕೆ ಒಂದು ಬದಲಾವಣೆ. ಮೊದಲು ಬೆಳಗಿನ ತಿಂಡಿ ಸರಿಮಾಡಿ. ಹಸಿವು ಆಗಲೇ ಚೆನ್ನಾಗಿರುತ್ತದೆ, ನಮ್ಮ ತಿಂಡಿಗಳಲ್ಲಿ ಪ್ರೋಟೀನೂ ಆಗಲೇ ಕಡಿಮೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣವು ಮಾಡಿ. ಕಾಫಿ ಬಿಡಿಸಲು ಹೋಗಬೇಡಿ, ಜಗಳವೇ ಆಗುವುದು. ಪೂರ್ತಿ ಹಾಲಿನ ಕಾಫಿ ಮಾಡಿ, ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ, ಕಬ್ಬಿಣಾಂಶ ಹೀರುವುದಕ್ಕೆ ಕಾಫಿ, ಚಹಾ ಅಡ್ಡಿ. ವ್ರತ ಇರುವವರಿಗೆ ಬೇಡ ಎಂದು ಹೇಳುವ ಬದಲು ಫಲಾಹಾರದಲ್ಲೇ ಹಾಲು, ಮೊಸರು, ಕಡಲೆಕಾಯಿ ಬೀಜ, ಬಾಳೆಹಣ್ಣು ಸೇರಿಸಿ.

ತಿಂದದ್ದು ಮಾಂಸಖಂಡವಾಗಬೇಕಾದರೆ ಮೈ ಆಡಬೇಕು. ಗಟ್ಟಿ ಕುರ್ಚಿಯಿಂದ ದಿನಕ್ಕೆರಡು ಸಲ, ಐದರಿಂದ ಹತ್ತು ಬಾರಿ ಎದ್ದು ಕೂರುವುದು ಸಾಕು. ಮಲಗಿಸಿಯೇ ತಿನ್ನಿಸಿದರೆ ಬೆಳೆಯುವುದು ಹೆಚ್ಚಾಗಿ ಕೊಬ್ಬು.

## ಹಂತ 6: ಬಡಿಸುವ ಹೊತ್ತು

"ಏನು ಬೇಕು?" ಎಂದು ಕೇಳಬೇಡಿ. ಉತ್ತರ "ಏನೂ ಬೇಡ" ಎಂದೇ ಬರುತ್ತದೆ. "ದೋಸೆ ಹಾಕಲಾ, ಉಪ್ಪಿಟ್ಟು ಮಾಡಲಾ?" ಎಂದು ಕೇಳಿ.

ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ಬಾಗದಿರಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮಲಗಿದ್ದವರ ಬಾಯಿಗೆ ಲೋಟದಿಂದ ನೀರು ಹೊಯ್ಯುವುದು ಅತ್ಯಂತ ಅಪಾಯದ ಅಭ್ಯಾಸ, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಕಣ್ಣು ಮಂಜಾದವರಿಗೆ ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣುವುದೇ ಇಲ್ಲ, ಬಣ್ಣದ ತಟ್ಟೆ ಅಥವಾ ಬಾಳೆಎಲೆ ಇಡಿ. ಮರೆವಿನ ಕಾಯಿಲೆ ಇದ್ದವರಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಒಳ್ಳೆಯದು: ಇಡ್ಲಿ ತುಂಡು, ಪಡ್ಡು, ಬಾಳೆಹಣ್ಣಿನ ಚೂರು. ಅರ್ಧ ಗಂಟೆಯಾದರೂ ಜೊತೆಗೆ ಕೂತು ನೀವೂ ತಿನ್ನಿ. ಅವರ ತಟ್ಟೆಯನ್ನೇ ನೋಡುತ್ತಾ ಕೂರಬೇಡಿ.

ದೂರದೂರಲ್ಲಿರುವ ಮಕ್ಕಳಿಗೆ: ರಾತ್ರಿ "ಊಟ ಆಯ್ತಾ?" ಎಂಬ ಫೋನಿಗೆ "ಆಯ್ತು" ಎಂಬುದೇ ಉತ್ತರ. ನಿಮ್ಮ ಊಟದ ಹೊತ್ತಿಗೇ ವಿಡಿಯೊ ಕರೆ ಮಾಡಿ ತಟ್ಟೆ ಪಕ್ಕಕ್ಕೆ ಫೋನ್ ನಿಲ್ಲಿಸಿಕೊಂಡು ಒಟ್ಟಿಗೆ ಉಣ್ಣಿ. ಅಮೆರಿಕದ ಬೆಳಗಿನ ತಿಂಡಿಗೂ ನಮ್ಮ ರಾತ್ರಿ ಊಟಕ್ಕೂ ಹೇಗೂ ಹೊಂದುತ್ತದೆ. ನೋಡಿಕೊಳ್ಳುವವರೇ ಇಲ್ಲದ ಹಿರಿಯರ ಬಗ್ಗೆ ತಿಳಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

## ಹಂತ 7: ಈಗ ಡಬ್ಬಿ, ಅದೂ ಬೇಕಿದ್ದರೆ

ಎರಡು ವಾರ ಹಂತ 5 ಮತ್ತು 6 ಮಾಡಿದ ಮೇಲೂ ಲೆಕ್ಕ ತುಂಬದಿದ್ದರೆ, ಅಥವಾ ಆಪರೇಷನ್, ಹಾಸಿಗೆ ಹುಣ್ಣು, ದೊಡ್ಡ ಕಾಯಿಲೆಯ ನಂತರ ಡಾಕ್ಟರ್ ಹೇಳಿದರೆ ತನ್ನಿ. ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಪಟ್ಟಿ ಓದಿ. ಒಂದು ಸಲದ ಪ್ರಮಾಣಕ್ಕೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು? ಪ್ರೋಟೀನಿಗಿಂತ ಸಕ್ಕರೆಯೇ ಹೆಚ್ಚಿದ್ದರೆ ವಾಪಸ್ ಇಡಿ. ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಕೇಳದೆ ಬೇಡ.

ಹಾಲಲ್ಲಿ ಅಥವಾ ಗಂಜಿಯಲ್ಲಿ ಕಲಸಿ, ಊಟಗಳ ನಡುವೆ ಕೊಡಿ. ಊಟಕ್ಕೆ ಹತ್ತು ನಿಮಿಷ ಮೊದಲು ಕೊಟ್ಟರೆ ಊಟ ಹೋಯಿತು. ಊಟದ ಬದಲಿಗೆ ಕೊಟ್ಟರೆ ದುಡ್ಡೂ ಹೋಯಿತು.

## ಹಂತ 8: ನಾಲ್ಕು ವಾರದ ಲೆಕ್ಕ

ಮೊದಲು ತೂಕ ಇಳಿಯುವುದು ನಿಲ್ಲಬೇಕು, ಅದೇ ಮೊದಲ ಗೆಲುವು. ಆಮೇಲೆ ತಿಂಗಳಿಗೆ ಅರ್ಧದಿಂದ ಒಂದು ಕೆಜಿ ಏರಿದರೆ ಚೆನ್ನಾಗಿ ನಡೆಯುತ್ತಿದೆ. ಎರಡು ಮೂರು ದಿನದಲ್ಲೇ ಎರಡು ಕೆಜಿ ಏರಿ ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಸಂತೋಷಪಡಬೇಡಿ. ಅದು ನೀರು, ಡಾಕ್ಟರನ್ನು ಕಾಣಿ.

ಬೆನ್ನು, ಸೊಂಟ, ಹಿಮ್ಮಡಿಯ ಚರ್ಮವನ್ನು ಹಾಸಿಗೆ ಹಿಡಿದವರಲ್ಲಿ ದಿನಾ ನೋಡಿ. ಒತ್ತಿದರೂ ಮಾಸದ ಕೆಂಪು ಕಂಡರೆ ಹುಣ್ಣು ಶುರುವಾಗುತ್ತಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ನಾಲ್ಕು ವಾರಕ್ಕೂ ಏರದಿದ್ದರೆ ಇನ್ನೊಂದು ಡಬ್ಬಿ ತರಬೇಡಿ, ಮೂರನೇ ಹಂತಕ್ಕೆ ಮರಳಿ. ಏನೋ ಒಂದು ಕಾರಣ ತಪ್ಪಿಹೋಗಿದೆ. ಗುಣವಾಗದ ಕಾಯಿಲೆಯ ಕೊನೆಯ ದಿನಗಳಲ್ಲಿರುವವರ ವಿಷಯ ಮಾತ್ರ ಬೇರೆ. ಅಲ್ಲಿ ದೇಹವೇ ಊಟ ಬೇಡ ಎನ್ನುತ್ತದೆ. ಅಂಥವರಿಗೆ ತೂಕ ನೋಡುವುದನ್ನು ಬಿಟ್ಟು, ತುಟಿ ಒದ್ದೆ ಮಾಡಿ, ಅವರು ಆಸೆಪಟ್ಟದ್ದು ಒಂದು ಚಮಚವಾದರೆ ಒಂದೇ ಚಮಚ ಕೊಡಿ. ಊಟಕ್ಕೆ ಟ್ಯೂಬು ಹಾಕಬೇಕೇ ಬೇಡವೇ ಎಂಬುದನ್ನು ನೋಡುತ್ತಿರುವ ಡಾಕ್ಟರ ಜೊತೆ ಮನೆಯವರೆಲ್ಲ ಕೂತು ಮಾತಾಡಿ.

ನಮ್ಮತ್ತೆಯ ಸೆಟ್ಟು ಸರಿಮಾಡಿಸಲು ಎರಡು ಸಲ ದಂತವೈದ್ಯರ ಹತ್ತಿರ ಹೋಗಿ ಬಂದೆವು. ಯುಗಾದಿಗೆ 49.5 ತೂಗಿದರು. ಹೋಳಿಗೆ ಒಂದು ಪೂರ್ತಿ ತಿಂದು, ಹೂರಣ ಸ್ವಲ್ಪ ತರಿತರಿ ಆಗಿದೆ ಎಂದು ತಕರಾರು ತೆಗೆದರು.